ಎಡಮೂಲೆಯಲ್ಲಿದ್ದ ಫೈಲ್

ಮೂವತ್ತಮೂರು ವರ್ಷ ಒಂದೇ ಕಾರ್ಖಾನೆಯಲ್ಲಿ ಬೆರಳು ಸವೆಸಿದ ಹೆಂಗಸನ್ನು ಕಂಪ್ಯೂಟರಿನ ಒಂದು ಮೆನು ಊರಾಚೆ ಎತ್ತಿಹಾಕಲು ಹೊರಟಿತ್ತು ಎಂದರೆ ನಂಬುವವರು ಕಡಿಮೆ. ತಾಂಬರಂನ ಭೀಮಾಬಾಯಿಯ ವಿಷಯದಲ್ಲಿ ಆದದ್ದು ಮಾತ್ರ ಅದೇ. ಆ ಮಾತು ಎತ್ತಿದರೆ ಈಗಲೂ ಆಕೆಯ ಮೂಗಿನ ತುದಿ ಕೆಂಪಾಗುತ್ತದೆ. ಆಗಬೇಕಾದದ್ದೇ.

ಹುಟ್ಟಿದ್ದು ತಿರುವಲ್ಲಿಕ್ಕೇಣಿಯ ಓಣಿಯೊಂದರಲ್ಲಿ. ಮುತ್ತಜ್ಜನ ಕಾಲಕ್ಕೇ ಮದರಾಸಿಗೆ ಬಂದು ನೆಲೆನಿಂತ ಮಾಧ್ವರ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಹತ್ತೊಂಬತ್ತನೆಯ ವಯಸ್ಸಿಗೆ ಮನೆ ಹತ್ತಿರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹೈಯರ್ ಪಾಸು ಮಾಡಿದಳು, ಅದೂ ಫಸ್ಟ್ ಕ್ಲಾಸು. ಅಲ್ಲಿನ ಮಾಸ್ಟರು ಕೀಲಿಗಳ ಮೇಲೆ ಒಂದು ಟವೆಲ್ ಹೊದಿಸಿ ಕಲಿಸುತ್ತಿದ್ದರು. ಕಣ್ಣು ಕಾಗದದ ಮೇಲಿರಬೇಕು, ಬೆರಳಿಗೆ ಬೆರಳಿನದೇ ಬುದ್ಧಿ ಇರಬೇಕು ಎಂಬುದು ಅವರ ಸಿದ್ಧಾಂತ. ಬಗ್ಗಿ ನೋಡಿದವರ ಗೆಣ್ಣಿಗೆ ಅಡಿಪಟ್ಟಿಯ ಏಟು ಬೀಳುತ್ತಿತ್ತು. ಭೀಮಾಬಾಯಿಗೆ ಎರಡೇ ಏಟು ಬಿದ್ದದ್ದು.

ಎಪ್ಪತ್ತನಾಲ್ಕರಲ್ಲಿ ಅಂಬತ್ತೂರಿನ ಕೈಗಾರಿಕಾ ಎಸ್ಟೇಟಿನ ಒಂದು ವಾಲ್ವ್ ಕಾರ್ಖಾನೆ ಸೇರಿದಳು. ಅಲ್ಲಿ ತಯಾರಾಗುವ ಪ್ರತಿಯೊಂದು ವಾಲ್ವನ್ನೂ ನೀರು ತುಂಬಿಸಿ, ಒತ್ತಡ ಕೊಟ್ಟು, ಸೋರುತ್ತದೋ ಇಲ್ಲವೋ ಎಂದು ನೋಡುತ್ತಾರೆ. ನೋಡಿದ್ದಕ್ಕೆ ಒಂದು ಪ್ರಮಾಣಪತ್ರ ಬೇಕು. ಯಾವ ಎರಕದ ಲೋಹ, ಎಷ್ಟು ಒತ್ತಡ, ಎಷ್ಟು ನಿಮಿಷ, ಎಲ್ಲವೂ ಅದರಲ್ಲಿರಬೇಕು. ಆ ಹಾಳೆ ಇಲ್ಲದೆ ಲಾರಿ ಗೇಟು ದಾಟುವಂತಿಲ್ಲ. ಆ ಹಾಳೆಯನ್ನು ಟೈಪು ಮಾಡುತ್ತಿದ್ದವಳು ಭೀಮಾಬಾಯಿ. ಒಂದು ಅಂಕಿ ತಪ್ಪಿದರೆ ಎಲ್ಲೋ ದೂರದ ರಸಗೊಬ್ಬರ ಕಾರ್ಖಾನೆಯಲ್ಲಿ ಯಾರದೋ ಮುಖಕ್ಕೆ ಬಿಸಿ ಹಬೆ ಬಡಿಯುತ್ತದೆ ಎಂಬುದು ಆಕೆಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದ ತಪ್ಪಲಿಲ್ಲ.

ತೊಂಬತ್ತೆಂಟರಲ್ಲಿ ಟೈಪ್‌ರೈಟರುಗಳನ್ನು ಹೊತ್ತುಕೊಂಡು ಹೋಗಿ ಕಂಪ್ಯೂಟರು ತಂದಿಟ್ಟರು. ನಲವತ್ತೈದರ ಹೆಂಗಸರಿಗೆ ಇದು ತಲೆಗೆ ಹತ್ತುವುದಿಲ್ಲ ಎಂದವರು ಆಗಲೂ ಇದ್ದರು. ಆದರೆ ಆ ಕಂಪ್ಯೂಟರಿನ ಪರದೆಯ ಮೇಲೆ ಒಂದು ಸಾಲು ಪದಗಳಿದ್ದವು. ಫೈಲ್, ಎಡಿಟ್, ವ್ಯೂ ಎಂದು ಶುರುವಾಗಿ ಹೆಲ್ಪ್ ಎಂದು ಮುಗಿಯುವ ಸಾಲು. ಓದಲು ಬರುವವರಿಗೆ ಅಷ್ಟು ಸಾಕು. ಭೀಮಾಬಾಯಿ ಒಂದೊಂದು ಪದದ ಕೆಳಗೂ ಏನೇನಿದೆ ಎಂದು ಹುಡುಕಿ, ಇನ್ನೂರು ಪುಟದ ಉದ್ದನೆಯ ನೋಟ್ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಟ್ಟಳು. ಪ್ರತಿ ಪುಟದ ಎಡಮೂಲೆಯಲ್ಲಿ ಒಂದು ಶ್ರೀ, ಅದರ ಕೆಳಗೆ ದಾರಿಗಳು. ಗೆರೆ ಎಳೆಯಲು ಯಾವ ದಾರಿ, ಪುಟದ ಸಂಖ್ಯೆ ಹಾಕಲು ಯಾವ ದಾರಿ.

ಯಂತ್ರಗಳ ಶಾಪಿನಿಂದ ಹಾರಿಬರುವ ಕಬ್ಬಿಣದ ಪುಡಿ ಆಗಿನ ಮೌಸಿನ ಹೊಟ್ಟೆಯ ಗೋಲಿಗೆ ಅಂಟಿಕೊಂಡು ವಾರಕ್ಕೆ ಎರಡು ಸಲ ಅದು ಕೆಟ್ಟು ಕೂರುತ್ತಿತ್ತು. ಹಾಗಾಗಿ ಪ್ರತಿ ದಾರಿಯ ಪಕ್ಕದಲ್ಲಿ ಕೀಲಿಗಳನ್ನೂ ಬರೆದಳು. ಆಲ್ಟ್ ಒತ್ತು, ಎಫ್ ಒತ್ತು, ಎ ಒತ್ತು. ಫೈಲು ಬೇರೆ ಹೆಸರಿನಲ್ಲಿ ಉಳಿಯುತ್ತದೆ. ಕೆಲವು ವರ್ಷಗಳ ನಂತರ ಹೊಟ್ಟೆಯಲ್ಲಿ ಗೋಲಿಯಿಲ್ಲದ, ಕೆಂಪು ದೀಪದ ಮೌಸು ಬಂತು. ಕೆಡುವುದು ನಿಂತಿತು. ಕೀಲಿಗಳ ಸಂಗತಿ ಪುಸ್ತಕದಲ್ಲಿ ಉಳಿಯಿತು, ಕೈ ಮೌಸಿಗೆ ಒಗ್ಗಿಕೊಂಡಿತು.

ಆ ಪುಸ್ತಕಕ್ಕೆ ಆಫೀಸಿನಲ್ಲಿ ಹೆಸರೇ ಬಿದ್ದಿತ್ತು: ಭೀಮಾ ಮೇಡಂ ದಾರಿ ಪುಸ್ತಕ. ಆ ವಿಭಾಗದಲ್ಲಿ ಕನ್ನಡ ಓದಲು ಆಕೆಯೊಬ್ಬಳಿಗೇ ಬರುತ್ತಿದ್ದದ್ದರಿಂದ ಎಲ್ಲರೂ ಆಕೆಯ ಬಳಿಗೇ ಬರಬೇಕು. ಎಂಜಿನಿಯರುಗಳೂ ಬರುತ್ತಿದ್ದರು. ಒಂಬತ್ತು ವರ್ಷ ಆ ಕಾರ್ಖಾನೆಯಲ್ಲಿ ಕಂಪ್ಯೂಟರಿನ ವಿಷಯದಲ್ಲಿ ಸಂದೇಹ ಬಂದರೆ ಕೊನೆಯ ಮಾತು ಭೀಮಾಬಾಯಿಯದು. ಆಕೆಗೆ ಅದರ ಹೆಮ್ಮೆ ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಎರಡು ಸಾವಿರದ ಏಳರ ಜೂನಿನ ಒಂದು ಸೋಮವಾರ ಬೆಳಿಗ್ಗೆ ಕಂಪ್ಯೂಟರು ತೆರೆದರೆ ಫೈಲ್ ಇರಲಿಲ್ಲ. ಎಡಿಟ್ ಇರಲಿಲ್ಲ, ವ್ಯೂ ಇರಲಿಲ್ಲ. ಆ ಇಡೀ ಸಾಲೇ ಮಾಯ. ಅದರ ಜಾಗದಲ್ಲಿ ಮೂರು ಬೆರಳಗಲದ ಒಂದು ಪಟ್ಟಿ. ಅದರ ತುಂಬ ಚಿತ್ರಗಳು. ಸಣ್ಣವು, ದೊಡ್ಡವು, ಬಣ್ಣದವು, ಕತ್ತರಿ, ಕುಂಚ, ಬಕೆಟ್ಟು. ಪತ್ರದೊಳಗಿನ ಅಂಕಣಗಳ ಟೇಬಲ್ ಮುಟ್ಟಿದರೆ ಹೊಸ ಚಿತ್ರಗಳು ಎದ್ದು ಬರುತ್ತವೆ, ಕೈ ತೆಗೆದರೆ ಅಡಗಿಕೊಳ್ಳುತ್ತವೆ. ಪತ್ರ ಬರೆಯುವ ಜಾಗ ಮೊದಲಿಗಿಂತ ಗಿಡ್ಡವಾಗಿತ್ತು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ಮತ್ತೆ ಎಡಮೂಲೆಯಲ್ಲಿ, ಎಲ್ಲಕ್ಕಿಂತ ಮೇಲೆ, ಒಂದು ದುಂಡನೆಯ ಲಾಂಛನ. ನಾಲ್ಕು ಬಣ್ಣದ್ದು, ಗಾಜಿನ ಹಾಗೆ ಹೊಳೆಯುವಂಥದ್ದು. ಅದರ ಮೇಲೆ ಮೌಸು ಹಾದರೆ ಚಿನ್ನದ ಬಣ್ಣಕ್ಕೆ ಬೆಳಗುತ್ತಿತ್ತು.

ಪಕ್ಕದ ಡಿಸ್ಪ್ಯಾಚ್ ವಿಭಾಗದಿಂದ ಜಯಲಕ್ಷ್ಮೀ ಎದ್ದು ಬಂದಳು. ಕೃಷ್ಣಗಿರಿ ಕಡೆಯ ಕನ್ನಡದವಳು, ಟಿ. ನಗರದ ಹಳೆಯ ಬಾಡಿಗೆ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಯೊಂದಿಗೆ ಇದ್ದವಳು. ಹದಿನೆಂಟು ವರ್ಷದಿಂದ ಇಬ್ಬರೂ ಒಂದೇ ಎಲೆಕ್ಟ್ರಿಕ್ ಟ್ರೈನಿನ ಲೇಡೀಸ್ ಬೋಗಿಯಲ್ಲಿ ಬರುವವರು. ಭೀಮಾಬಾಯಿ ತಾಂಬರಂನಲ್ಲಿ ಹತ್ತಿ ಮಾಂಬಲಂನಲ್ಲಿ ಹತ್ತುವ ಜಯಲಕ್ಷ್ಮಿಗೆ ಜಾಗ ಹಿಡಿದಿರುತ್ತಾಳೆ. ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು, ರಸ್ತೆ ದಾಟಿ, ಇನ್ನೊಂದು ಲೋಕಲ್ ಹಿಡಿದು ಅಂಬತ್ತೂರು ಸೇರುವುದು.

“ಅಕ್ಕ, ಫೈಲ್ ಎಲ್ಲೂ ಕಾಣ್ತಿಲ್ವಲ್ಲ” ಎಂದಳು ಜಯಲಕ್ಷ್ಮೀ. “ನಿಮ್ಮ ಪುಸ್ತಕದಲ್ಲಿ ನೋಡಿ.”

“ಪುಸ್ತಕದಲ್ಲಿ ಫೈಲ್‌ನಿಂದ ಎಲ್ಲಿಗೆ ಹೋಗೋದು ಅಂತ ಇದೆ ಜಯಾ. ಫೈಲ್‌ಗೇ ಹೋಗೋದು ಹೇಗೆ ಅಂತ ಯಾರು ಬರೆದಿಡ್ತಾರೆ?”

ಇಬ್ಬರೂ ಸೇರಿ ಆ ಪಟ್ಟಿಯ ಮೇಲಿದ್ದ ಪ್ರತಿಯೊಂದು ಚಿತ್ರವನ್ನೂ ಒತ್ತಿದರು. ಒಂದನ್ನು ಬಿಟ್ಟು. ಆ ದುಂಡು ಲಾಂಛನವನ್ನು ಒತ್ತಬೇಕೆಂದು ಅವರಿಗೆ ಹೊಳೆಯಲಿಲ್ಲ, ಆ ಆಫೀಸ್ ಹಾಲಿನಲ್ಲಿದ್ದ ಹನ್ನೊಂದು ಜನರಲ್ಲಿ ಯಾರಿಗೂ ಹೊಳೆಯಲಿಲ್ಲ.

ಇದಕ್ಕೆ ನಗುವವರು ಸ್ವಲ್ಪ ತಾಳಬೇಕು. ಹಾಳೆಯ ಎಡಮೂಲೆ ನಮ್ಮವರಿಗೆ ಕೆಲಸದ ಜಾಗವಲ್ಲ. ಭೀಮಾಬಾಯಿ ಅಲ್ಲಿ ಶ್ರೀ ಬರೆದು ಕೆಳಗೆ ಬರುತ್ತಾಳೆ. ತಮಿಳಿನವರು ಅಲ್ಲಿ ಪಿಳ್ಳೈಯಾರ್ ಸುಳಿ ಹಾಕುತ್ತಾರೆ, ಗಣಪತಿಯ ಗುರುತು. ದಿನಸಿ ಚೀಟಿಗೂ ಹಾಕುತ್ತಾರೆ. ಹಾಕಿಯಾದ ಮೇಲೆ ಅದರ ತಂಟೆಗೆ ಹೋಗುವುದಿಲ್ಲ. ಆ ಹಾಲಿನ ಪ್ರತಿಯೊಂದು ಕಂಪ್ಯೂಟರಿಗೂ ಹಿಂದಿನ ಆಯುಧಪೂಜೆಯ ಚಂದನ ಕುಂಕುಮ ಎಡಮೂಲೆಯಲ್ಲೇ ಅಂಟಿಕೊಂಡಿತ್ತು. ಸರಿಯಾಗಿ ಅದರ ಕೆಳಗೆ ಈ ದುಂಡು ಬೆಳಗುತ್ತಿದ್ದರೆ ಯಾರು ಏನೆಂದುಕೊಳ್ಳಬೇಕು? ತಂತ್ರಾಂಶ ಮಾಡಿದ ಕಂಪನಿಯವರು ತಮ್ಮ ದೇವರನ್ನು ತಾವು ಇಟ್ಟುಕೊಂಡಿದ್ದಾರೆ ಎಂದುಕೊಂಡರು. ಇರಲಿ ಪಾಪ ಎಂದು ಬಿಟ್ಟರು.

ಪ್ರಿಂಟು ತೆಗೆಯಲು, ಉಳಿಸಲು ಎರಡು ಕೀಲಿಯ ಒಳದಾರಿ ಎಲ್ಲರಿಗೂ ಗೊತ್ತಿತ್ತು. ತೊಂದರೆ ಬೇರೆ. ಹೊಸ ತಂತ್ರಾಂಶ ಉಳಿಸಿದ ಕಡತಗಳು ಗಿರಾಕಿಗಳ ಹಳೆಯ ಕಂಪ್ಯೂಟರಿನಲ್ಲಿ ತೆರೆಯುತ್ತಿರಲಿಲ್ಲ. ಹಳೆಯ ಮಾದರಿಯಲ್ಲಿ, ಬೇರೆ ಹೆಸರಿನಲ್ಲಿ ಉಳಿಸಬೇಕು. ಅದು ಫೈಲ್ ಅಡಿಯಲ್ಲಿತ್ತು. ಫೈಲ್ ಇರಲಿಲ್ಲ. ಫೈಲೇ ಹೋದ ಮೇಲೆ ಅದರ ಕೀಲಿಗಳೂ ಹೋದವೆಂದೇ ಎಲ್ಲರೂ ತಿಳಿದರು. ಇಮೇಲಿನಲ್ಲಿ ಹೋಗುತ್ತಿದ್ದ ಪ್ರಮಾಣಪತ್ರಗಳನ್ನು ಪ್ರಿಂಟು ತೆಗೆದು ಕೊರಿಯರಿನಲ್ಲಿ ಕಳಿಸಬೇಕಾಯಿತು. ಲಾರಿಗಳು ಗೇಟಿನಲ್ಲಿ ಒಂದೆರಡು ದಿನ ನಿಲ್ಲತೊಡಗಿದವು. ನಿಂತ ಲಾರಿಗೆ ಕಾರಣ ಕೇಳಿದವರಿಗೆ ಸಿಕ್ಕ ಉತ್ತರ: ಡಾಕ್ಯುಮೆಂಟ್ಸ್ ವಿಭಾಗದ ಹೆಂಗಸರು.

ಭೀಮಾಬಾಯಿ ಸಿಸ್ಟಮ್ಸ್ ಮ್ಯಾನೇಜರ್ ರವಿಶಂಕರನ ಹತ್ತಿರ ಹೋದಳು. ಅವನು ಹುಬ್ಬಳ್ಳಿ ಕಡೆಯ ವ್ಯಾಪಾರಸ್ಥರ ಮನೆಯವನು, ಕೆಟ್ಟವನಲ್ಲ. ಕೆಟ್ಟವನಾಗಲೂ ಸ್ವಲ್ಪ ಧೈರ್ಯ ಬೇಕಾಗುತ್ತದೆ.

“ಬಾಯಾರ, ಸ್ವಲ್ಪ ತಡೀರಿ. ಮುಂದಿನ ವಾರ ಟ್ರೇನಿಂಗ್ ಅದ. ಎಲ್ಲಾ ತಿಳೀತದ” ಎಂದ.

“ತಿಳಿಯೋದಕ್ಕೆ ಮೊದಲು ಬದಲಾಯಿಸಿದ್ದು ಯಾಕೆ? ಹಳೇದರಲ್ಲಿ ಏನು ಕೊರತೆ ಇತ್ತು? ಯಾರು ಕಂಪ್ಲೇಂಟ್ ಮಾಡಿದ್ರು?”

“ಮ್ಯಾಲಿಂದ ಬಂದದ್ರಿ. ನಾ ಏನ್ ಮಾಡ್ಲಿ?”

ಟ್ರೇನಿಂಗಿಗೆ ಬಂದವನು ಮೂವತ್ತರ ಆಸುಪಾಸಿನವನು, ಕ್ಯಾಂಟೀನಿನ ಗೋಡೆಗೆ ಬೆಳಕು ಬಿಟ್ಟು ಇಂಗ್ಲಿಷಿನಲ್ಲಿ ಮಾತು ಶುರುಮಾಡಿದ. ತನ್ನನ್ನು ಸುಶ್ ಎಂದು ಕರೆಯಿರಿ ಎಂದ. ಭೀಮಾಬಾಯಿ ಅವನ ಕೊರಳ ಚೀಟಿ ಓದಿದಳು. ಸುಶಮೀಂದ್ರ. ಮಠದ ಗುರುಗಳ ಹೆಸರು. ಹೆತ್ತವರು ನಾಲ್ಕು ಸಲ ಯೋಚಿಸಿ ಇಟ್ಟ ಹೆಸರನ್ನು ನಾಯಿ ಓಡಿಸುವ ಸದ್ದಿಗೆ ಇಳಿಸಿಕೊಂಡವನಿಗೆ ಫೈಲ್ ಎಂಬ ಎರಡಕ್ಷರ ಅಳಿಸುವುದು ಯಾವ ದೊಡ್ಡ ಮಾತು ಎಂದು ಆಕೆಗೆ ಆಗಲೇ ಅನ್ನಿಸಿತು.

ಒಂದೂವರೆ ಗಂಟೆ ಅವನು ಆ ಪಟ್ಟಿಯ ಗುಣಗಾನ ಮಾಡಿದ. ಅದರ ಹೆಸರು ರಿಬ್ಬನ್ನಂತೆ. ಭೀಮಾಬಾಯಿ ಕಂಡ ರಿಬ್ಬನ್ನು ಟೈಪ್‌ರೈಟರಿನಲ್ಲಿ ಅಕ್ಷರ ಮೂಡಿಸುತ್ತಿತ್ತು, ಇದು ಕಣ್ಣಿಗೆ ಕಟ್ಟುವ ರಿಬ್ಬನ್ನು. ಅಂಕಣಗಳಿಗೆ ಬಣ್ಣ ತುಂಬುವುದು, ಅಕ್ಷರಕ್ಕೆ ನೆರಳು ಬೀಳಿಸುವುದು, ಚಿತ್ರದ ಅಂಚು ಗುಂಡಗೆ ಮಾಡುವುದು, ಎಲ್ಲ ತೋರಿಸಿದ. ಒತ್ತಡ ಪರೀಕ್ಷೆಯ ಪ್ರಮಾಣಪತ್ರಕ್ಕೆ ನೆರಳು ಬೀಳಿಸಿ ಯಾರಿಗೆ ಕಳಿಸಬೇಕು? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ.

ಕೊನೆಯಲ್ಲಿ ಆಕೆ ಎದ್ದು ನಿಂತು, ಹಳೆಯ ಮಾದರಿಯಲ್ಲಿ ಉಳಿಸುವುದು ಹೇಗೆ ಎಂದು ತಮಿಳಿನಲ್ಲಿ ಕೇಳಿದಳು. ಊಟದ ಗಂಟೆ ಹೊಡೆದಿತ್ತು. ಅದು ಬಹಳ ಸುಲಭ, ನೋಡಿದ ಕೂಡಲೇ ತಿಳಿಯುತ್ತದೆ ಎಂದ ಸುಶಮೀಂದ್ರ. ಆಕೆಯ ಕೈಯಲ್ಲಿದ್ದ ದಾರಿ ಪುಸ್ತಕ ಕಂಡು, ತೆಗೆದುಕೊಂಡು ನಾಲ್ಕು ಪುಟ ತಿರುವಿದ. ಕನ್ನಡ ನೋಡಿ ಮುಖ ಅರಳಿತು. ಆದರೆ ಬಾಯಿಂದ ಬಂದದ್ದು ಬೇರೆ.

“ಆಂಟಿ, ಇದನ್ನ ಮ್ಯೂಸಿಯಂಗೆ ಕೊಟ್ಟುಬಿಡಿ. ಎಳುಂಬೂರಲ್ಲೇ ಇದೆಯಲ್ಲ, ಟ್ರೈನ್ ಅಲ್ಲೇ ನಿಲ್ಲತ್ತೆ.”

ಮ್ಯೂಸಿಯಂ ಎಂಬ ಮಾತು ಕೇಳಿ ಸುತ್ತ ಇದ್ದವರು ನಕ್ಕರು. ಒಂಬತ್ತು ವರ್ಷ ಆ ಪುಸ್ತಕದ ಅನ್ನ ಉಂಡವರು. ಭೀಮಾಬಾಯಿ ಪುಸ್ತಕವನ್ನು ಅವನ ಕೈಯಿಂದ ತೆಗೆದುಕೊಂಡು ಚೀಲಕ್ಕೆ ಹಾಕಿದಳು. ಮಾತಾಡಿದ್ದರೆ ಅತ್ತುಬಿಡುತ್ತಿದ್ದಳು, ಅದು ಆಕೆಗೆ ಬೇಕಿರಲಿಲ್ಲ.

ಮರುದಿನ ನೋಟಿಸ್ ಬೋರ್ಡಿಗೆ ಸುತ್ತೋಲೆ ಬಿತ್ತು. ಎಲ್ಲ ಕಚೇರಿ ನೌಕರರಿಗೂ ಹೊಸ ತಂತ್ರಾಂಶದಲ್ಲಿ ಪರೀಕ್ಷೆ. ಇಪ್ಪತ್ತು ನಿಮಿಷ, ಎಂಟು ಕೆಲಸ. ಎ, ಬಿ, ಸಿ ಎಂದು ದರ್ಜೆ. ಸಿ ಬಂದವರನ್ನು ಗುಮ್ಮಿಡಿಪೂಂಡಿಯ ಗೋದಾಮಿಗೆ ವರ್ಗ ಮಾಡಲಾಗುವುದು. ಗುಮ್ಮಿಡಿಪೂಂಡಿ ಎಂದರೆ ಆಂಧ್ರದ ಗಡಿ. ತಾಂಬರಂನಿಂದ ಎರಡು ಟ್ರೈನು, ಒಂದು ಬಸ್ಸು; ಹೋಗಲು ಮೂರು ಗಂಟೆ, ಬರಲು ಮೂರು. ಐವತ್ತು ದಾಟಿದವರು ಅಲ್ಲಿಗೆ ಹೋಗುವುದಿಲ್ಲ, ಕೆಲಸ ಬಿಡುತ್ತಾರೆ. ಸುತ್ತೋಲೆ ಬರೆದವರಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿದ್ದೇ ಬರೆದದ್ದು. ಭೀಮಾಬಾಯಿಗೆ ಪೆನ್ಷನ್ನಿಗೆ ಇನ್ನು ನಾಲ್ಕು ವರ್ಷ ಇತ್ತು.

ಮನೆಯಲ್ಲಿ ಗಂಡ ವಿಷ್ಣುತೀರ್ಥ ಎಲ್ಲ ಕೇಳಿಸಿಕೊಂಡ. ರೈಲ್ವೆಯಲ್ಲಿ ಟಿಕೆಟ್ಟು ಕೊಟ್ಟು ರಿಟೈರಾದ ಮನುಷ್ಯ, ಮಾತು ಕಡಿಮೆ.

“ಇನ್ನು ನಾಲ್ಕು ವರ್ಷ. ಹಲ್ಲು ಕಚ್ಚಿಕೊಂಡು ಇರು” ಎಂದ.

“ನಾನು ಏನು ತಪ್ಪು ಮಾಡಿದೀನಿ ಅಂತ ಹಲ್ಲು ಕಚ್ಚಲಿ? ಅವರು ಬಾಗಿಲು ಕಿತ್ತು ಗೋಡೆ ಕಟ್ಟಿಟ್ಟು, ಒಳಗೆ ಬರೋಕೆ ಗೊತ್ತಿಲ್ಲ ಅಂತ ನನಗೆ ಸಿ ಹಾಕ್ತಾರೆ.”

ಮಗಳು ಶ್ರೀಪ್ರಿಯಾ ಟಿವಿಯಿಂದ ಮುಖ ತಿರುಗಿಸದೆ, ಸುಮ್ಮನೆ ಒಂದು ವಾರ ಒಗ್ಗಿಕೊಂಡರೆ ಸರಿಹೋಗುತ್ತದೆ ಅಮ್ಮಾ ಎಂದು ತಮಿಳಿನಲ್ಲಿ ಹೇಳಿದಳು. ಎಲ್ಲರ ಬಾಯಲ್ಲೂ ಇದೇ ಮಾತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೆಲ ನಿಜವಾಗಿಯೂ ಡೊಂಕಾಗಿರುವ ದಿನ ಕುಣಿಯುವವಳು ಏನು ಹೇಳಬೇಕು ಎಂಬುದಕ್ಕೆ ಮಾತ್ರ ಗಾದೆಯಿಲ್ಲ.

ಸೋಮವಾರ ಡಿಸ್ಪ್ಯಾಚ್ ವಿಭಾಗದ ಪರೀಕ್ಷೆ. ಸಂಜೆ ಟ್ರೈನಿನಲ್ಲಿ ಜಯಲಕ್ಷ್ಮೀ ಕಿಟಕಿಯ ಸರಳಿಗೆ ಹಣೆ ಆನಿಸಿಕೊಂಡು ಕೂತಿದ್ದಳು.

“ಮೊದಲನೇದೇ ಅದು ಅಕ್ಕ. ಹಳೇ ಮಾದರಿಯಲ್ಲಿ ಬೇರೆ ಹೆಸರಿಟ್ಟು ಉಳಿಸಬೇಕು. ಆ ಫೈಲಲ್ಲೇ ಮಿಕ್ಕ ಏಳೂ ಮಾಡಬೇಕು. ಮೊದಲನೇದೇ ಬರಲಿಲ್ಲ. ಇಪ್ಪತ್ತು ನಿಮಿಷ ಸುಮ್ಮನೆ ಕೂತಿದ್ದೆ.”

“ಆ ಸುಶಮೀಂದ್ರ ಸಿ ಹಾಕಿದನಾ?”

“ಹಾಕಿದ. ಒಗ್ಗಿಕೊಳ್ಳುವ ಶಕ್ತಿ ಇಲ್ಲ ಅಂತ ಬರೆದ. ನನ್ನ ಮುಂದೇನೇ ಬರೆದ.”

ಮಾಂಬಲಂನಲ್ಲಿ ಇಳಿಯುವಾಗ ಜಯಲಕ್ಷ್ಮೀ, “ಗುಮ್ಮಿಡಿಪೂಂಡಿಗೆ ಹೋದರೆ ಅಮ್ಮನ್ನ ಯಾರು ಎತ್ತಿ ಕೂರಿಸ್ತಾರೆ?” ಎಂದಳು.

ಬುಧವಾರ ಭೀಮಾಬಾಯಿಯ ವಿಭಾಗದ ಸರದಿ. ಆರು ಜನ, ಆರು ಕಂಪ್ಯೂಟರು. ಸುಶಮೀಂದ್ರ ಕೈಯಲ್ಲಿ ಹಾಳೆ ಸಿಕ್ಕಿಸಿದ ಹಲಗೆ ಹಿಡಿದು ಹಿಂದೆ ಮುಂದೆ ಓಡಾಡುತ್ತಿದ್ದ. ರವಿಶಂಕರ ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದ. ಮೊದಲ ಕೆಲಸ ಜಯಲಕ್ಷ್ಮೀ ಹೇಳಿದ್ದೇ.

ಭೀಮಾಬಾಯಿ ಎಡದಿಂದ ಬಲಕ್ಕೆ ಎಲ್ಲ ಚಿತ್ರಗಳನ್ನೂ ಮತ್ತೊಮ್ಮೆ ನೋಡಿದಳು. ಕತ್ತರಿ, ಕುಂಚ, ಬಕೆಟ್ಟು. ಎಂಟು ನಿಮಿಷ ಹೋಯಿತು. ಹತ್ತು ಹೋಯಿತು. ಮೂಲೆಯಲ್ಲಿ ದುಂಡು ಲಾಂಛನ ತನ್ನ ಪಾಡಿಗೆ ಹೊಳೆಯುತ್ತಿತ್ತು. ಸುಶಮೀಂದ್ರ ಬಂದು ಹಿಂದೆ ನಿಂತ. ಬಗ್ಗಿ, ಬೇರೆಯವರಿಗೆ ಕೇಳಬಾರದೆಂದು ಕನ್ನಡದಲ್ಲಿ ಹೇಳಿದ.

“ಆಂಟಿ, ಕಷ್ಟ ಆದರೆ ಬಿಟ್ಟುಬಿಡಿ. ಪರವಾಗಿಲ್ಲ. ಗೋದಾಮಿನಲ್ಲಿ ಕಂಪ್ಯೂಟರ್ ಕೆಲಸ ಕಡಿಮೆ, ನಿಮ್ಮ ವಯಸ್ಸಿಗೆ ಅದೇ ಆರಾಮ.”

ಅವನು ದಯೆಯಿಂದಲೇ ಹೇಳಿದ್ದಿರಬೇಕು. ಭೀಮಾಬಾಯಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಆ ದಯೆಯೇ ಉರಿಸಿದ್ದು. ಮೌಸನ್ನು ಪಕ್ಕಕ್ಕೆ ತಳ್ಳಿದಳು. ಕಣ್ಣು ಮುಚ್ಚಿಕೊಂಡಳು. ಸಿಟ್ಟು ಬಂದರೆ ಕೆಲವರ ಕೈ ಬಳೆಯ ಮೇಲೆ ಹೋಗುತ್ತದೆ, ಕೆಲವರದು ಸೆರಗಿಗೆ. ಟೈಪಿಸ್ಟರ ಕೈ ಕೀಲಿಗಳ ಮೇಲೆ ಹೋಗುತ್ತದೆ. ಟವೆಲ್ ಹೊದಿಸಿದ ಕೀಲಿಗಳ ಮೇಲೆ ಕಲಿತ ಬೆರಳುಗಳು. ಕಬ್ಬಿಣದ ಪುಡಿಯ ಕಾಲದ ದಾರಿ ಅವುಗಳಿಗೆ ನೆನಪಿತ್ತು. ಆಲ್ಟ್. ಎಫ್. ಎ.

ಕಣ್ಣು ಬಿಟ್ಟರೆ ಪರದೆಯ ಮೇಲೆ ಫೈಲಿಗೆ ಹೊಸ ಹೆಸರು ಕೇಳುವ ಚೌಕ ತೆರೆದು ಕೂತಿತ್ತು.

ಅದನ್ನು ಮುಚ್ಚಿ, ಈ ಸಲ ಕಣ್ಣು ತೆರೆದುಕೊಂಡೇ ಆಲ್ಟ್ ಮತ್ತು ಎಫ್ ಮಾತ್ರ ಒತ್ತಿದಳು. ದುಂಡು ಲಾಂಛನದ ಅಡಿಯಿಂದ ಉದ್ದನೆಯ ಒಂದು ಪಟ್ಟಿ ಇಳಿಯಿತು. ಹೊಸದು, ತೆರೆ, ಉಳಿಸು, ಬೇರೆ ಹೆಸರಿನಲ್ಲಿ ಉಳಿಸು, ಪ್ರಿಂಟು, ಮುಚ್ಚು. ಹಳೆಯ ಫೈಲ್ ಮೆನುವಿನ ಇಡೀ ಸಂಸಾರ ಅಲ್ಲಿತ್ತು. ಎರಡು ವಾರಕ್ಕೂ ಮೀರಿ ಕಣ್ಣೆದುರಿಗೇ, ಕುಂಕುಮದ ಬೊಟ್ಟಿನ ಕೆಳಗೆ.

ಮುಂದಿನ ಏಳು ಕೆಲಸಗಳನ್ನು ಆಕೆ ಆರು ನಿಮಿಷದಲ್ಲಿ ಮುಗಿಸಿದಳು. ಪಕ್ಕದಲ್ಲಿದ್ದ ಐದು ಜನರೂ ತಿರುಗಿ ನೋಡುತ್ತಿದ್ದರು. ಸುಶಮೀಂದ್ರ ಹಲಗೆಯ ಮೇಲೆ ಏನೋ ಬರೆಯಲು ಹೋಗಿ ನಿಲ್ಲಿಸಿದ.

“ಆಂಟಿ, ಕೀಬೋರ್ಡಿನಲ್ಲಿ ಮಾಡಿದ್ದು ಲೆಕ್ಕಕ್ಕಿಲ್ಲ. ಇದು ಹೊಸ ಇಂಟರ್‌ಫೇಸಿನ ಪರೀಕ್ಷೆ. ಹಳೇ ಕೀಲಿಗಳು ಇನ್ನೂ ಕೆಲಸ ಮಾಡ್ತವೆ ಅಂತ ನನಗೇ ಗೊತ್ತಿರಲಿಲ್ಲ.”

“ನಿಮಗೆ ಗೊತ್ತಿಲ್ಲದ್ದು ನನಗೆ ಗೊತ್ತಿದ್ದರೆ ನನಗೆ ಸಿ. ಒಳ್ಳೇ ನ್ಯಾಯ” ಎಂದಳು ಭೀಮಾಬಾಯಿ. ದನಿ ಏರಲಿಲ್ಲ. ಕನ್ನಡದಲ್ಲಿ ಶುರುಮಾಡಿದವಳು, ಆ ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಲಿ ಎಂದು ತಮಿಳಿಗೆ ತಿರುಗಿದಳು. “ಒಂದು ಕೇಳ್ತೀನಿ, ನಿಜ ಹೇಳಿ. ನೀವು ಇದನ್ನ ಮೊದಲ ಸಲ ನೋಡಿದಾಗ, ಆ ದುಂಡಗಿರೋದನ್ನ ಒತ್ತಬೇಕು ಅಂತ ನಿಮಗೆ ತಾನಾಗಿ ಗೊತ್ತಾಯ್ತಾ?”

ಸುಶಮೀಂದ್ರ ರವಿಶಂಕರನ ಕಡೆ ನೋಡಿದ. ಅಲ್ಲಿ ಸಹಾಯ ಇರಲಿಲ್ಲ.

“ಇಲ್ಲ” ಎಂದ. “ನಮ್ಮ ಆಫೀಸಿನಲ್ಲಿ ಒಬ್ಬರು ತೋರಿಸಿದರು. ಎರಡನೇ ದಿನ.”

“ನಮಗೆ ಯಾಕೆ ತೋರಿಸಲಿಲ್ಲ?”

“ಎಲ್ಲರಿಗೂ ಗೊತ್ತಿರತ್ತೆ ಅಂದುಕೊಂಡೆ.”

“ತೋರಿಸಿಕೊಂಡವರು ನೀವು. ನಿಮಗೆ ಸಂಬಳ. ಯಾರೂ ತೋರಿಸದೆ ಹುಡುಕಿದ್ದು ನಾನು. ನನಗೆ ಗುಮ್ಮಿಡಿಪೂಂಡಿ.” ಭೀಮಾಬಾಯಿ ಕೈ ಚಾಚಿದಳು. “ಆ ಹಲಗೆ ಕೊಡಿ. ಮೊದಲು ನಿಮ್ಮ ಹೆಸರು ಬರೆದು ಸಿ ಹಾಕಿ, ಆಮೇಲೆ ನನ್ನ ಹೆಸರು. ನಿಮ್ಮ ಪೂರ್ತಿ ಹೆಸರು ಬರೀರಿ, ಸುಶಮೀಂದ್ರ ಅವರೇ. ಮನೆಯಲ್ಲಿ ಕಾಗದದ ಎಡಮೂಲೆಯಲ್ಲಿ ಏನು ಬರೀತಾರೆ ಅಂತ ನಿಮಗೂ ಗೊತ್ತು. ಅಲ್ಲಿ ಕೆಲಸದ ಸಾಮಾನು ಬಚ್ಚಿಡ್ತಾರಾ ಯಾರಾದರೂ?”

ಆ ಮನುಷ್ಯನ ಮುಖ ಇಳಿಯಿತು. ಅವನ ಮನೆಯಲ್ಲೂ ಅವನ ಅಜ್ಜ ಅಲ್ಲಿ ಶ್ರೀ ಬರೆಯುತ್ತಿದ್ದಿರಬೇಕು. ಅವನು ಹಲಗೆಯ ಮೇಲಿದ್ದ ಹಾಳೆ ಹರಿದು ಹೊಸದು ಹಾಕಿಕೊಂಡ. ಆರೂ ಜನರಿಗೆ ಲಾಂಛನ ಒತ್ತುವುದನ್ನು ತೋರಿಸಿ, ಮತ್ತೆ ಇಪ್ಪತ್ತು ನಿಮಿಷ ಕೊಟ್ಟ. ಆರು ಜನರೂ ಪಾಸಾದರು. ಕಡತಗಳ ರಿಜಿಸ್ಟರು ನೋಡುತ್ತಿದ್ದ ಪ್ರೇಮಮ್ಮ ಆ ದುಂಡನ್ನು ಒತ್ತುವ ಮೊದಲು ತಪ್ಪಾಯಿತು ಎನ್ನುವಂತೆ ಎರಡು ಕೆನ್ನೆಗೂ ಮೆಲ್ಲಗೆ ಬಡಿದುಕೊಂಡಳು. ಈ ಸಲ ಯಾರೂ ನಗಲಿಲ್ಲ.

ಭೀಮಾಬಾಯಿ ತನ್ನ ಹಾಳೆಗೆ ಸಹಿ ಹಾಕಲಿಲ್ಲ.

“ಡಿಸ್ಪ್ಯಾಚಿನವರಿಗೂ ತೋರಿಸಿ, ಅವರಿಗೂ ಇನ್ನೊಂದು ಸಲ ಪರೀಕ್ಷೆ ಕೊಡಿ. ಜಯಲಕ್ಷ್ಮಿಯ ಸಿ ತೆಗೀರಿ. ಆಮೇಲೆ ಸಹಿ.”

ರವಿಶಂಕರ ಕುರ್ಚಿಯಿಂದ ಎದ್ದ. “ಬಾಯಾರ, ಆ ಹಾಳಿ ನಿನ್ನೇನೇ ಮ್ಯಾಲ ಹೋಗ್ಯಾವ. ಮ್ಯಾಲ ಹೋದದ್ದು ಕೆಳಗ ಬರೂದಿಲ್ಲ. ನೀವು ನಿಮ್ಮದು ನೋಡ್ಕೊಳ್ರಿ.”

ಆಕೆ ನೋಡಿಕೊಳ್ಳಲಿಲ್ಲ. ಒಂದು ಅರ್ಜಿ ಟೈಪು ಮಾಡಿ, ವಿಭಾಗದ ಆರು ಜನರ ಸಹಿ ಹಾಕಿಸಿ, ಮೇಲಿನವರಿಗೆ ಕೊಟ್ಟಳು. ಹಳೆಯ ಮಾದರಿಯಲ್ಲೇ ಉಳಿಸಿ ಇಮೇಲಿನಲ್ಲೂ ಕಳಿಸಿದಳು. ವಾರಕ್ಕೊಮ್ಮೆ ಹೋಗಿ ಕೇಳಿದಳು. ನೋಡೋಣ ಎಂದರು. ನೋಡುತ್ತಿದ್ದೇವೆ ಎಂದರು. ಅವರು ನೋಡುತ್ತಿರುವಾಗಲೇ ವರ್ಗದ ಆದೇಶ ಬಂತು, ಜಯಲಕ್ಷ್ಮೀ ರಾಜೀನಾಮೆ ಬರೆದುಕೊಟ್ಟಳು. ಮರುದಿನದಿಂದ ಭೀಮಾಬಾಯಿ ಟ್ರೈನಿನಲ್ಲಿ ಪಕ್ಕದ ಜಾಗ ಹಿಡಿಯುವುದನ್ನು ನಿಲ್ಲಿಸಿದಳು. ಕೆಲವು ದಿನ ಮರೆತು ಚೀಲ ಇಟ್ಟುಬಿಡುತ್ತಿದ್ದಳು. ಮಾಂಬಲಂನಲ್ಲಿ ಬೇರೆ ಯಾರೋ ಬಂದು ಕೇಳಿದಾಗ ತೆಗೆಯುತ್ತಿದ್ದಳು.

ಆಕೆಯ ಕುರ್ಚಿ ಉಳಿಯಿತು. ದಾರಿ ಪುಸ್ತಕಕ್ಕೆ ಎರಡನೆಯ ಸಂಪುಟ ಬಂತು. ಅದರ ಮೊದಲ ಪುಟದಲ್ಲಿ ಶ್ರೀ, ಅದರ ಕೆಳಗೆ ಒಂದೇ ಸಾಲು: ಮೂಲೆಯಲ್ಲಿರುವುದನ್ನು ಒತ್ತು. ಎಂಜಿನಿಯರುಗಳು ಮತ್ತೆ ಬಂದು ಕೇಳತೊಡಗಿದರು. ಹೇಳಿಕೊಟ್ಟಳು. ಆದರೆ ಅವತ್ತು ನಕ್ಕವರಿಗೆ ಹೇಳುವಾಗ ಅರ್ಧ ನಿಮಿಷ ಕಾಯಿಸಿ ಹೇಳುತ್ತಿದ್ದಳು. ಅಷ್ಟು ಹಕ್ಕು ಆಕೆಗಿತ್ತು.

ಎರಡು ಸಾವಿರದ ಹತ್ತರ ಕೊನೆಯಲ್ಲಿ ಇನ್ನೊಂದು ಹೊಸ ಆವೃತ್ತಿ ಬಂತು. ಅದೇ ಸೋಮವಾರ ಬೆಳಿಗ್ಗೆ, ಅದೇ ಕುರ್ಚಿ. ಭೀಮಾಬಾಯಿ ಹಲ್ಲು ಕಚ್ಚಿಕೊಂಡೇ ಕಂಪ್ಯೂಟರು ತೆರೆದಳು. ಎಡಮೂಲೆಯ ದುಂಡು ಲಾಂಛನ ಇರಲಿಲ್ಲ. ಅದರ ಜಾಗದಲ್ಲಿ, ನೀಲಿ ಬಣ್ಣದ ಸಣ್ಣ ಚೌಕದಲ್ಲಿ, ಬಿಳಿ ಅಕ್ಷರದಲ್ಲಿ ಬರೆದಿತ್ತು: ಫೈಲ್.

ಆಕೆ ಬಹಳ ಹೊತ್ತು ಅದನ್ನೇ ನೋಡಿದಳು. ರವಿಶಂಕರ 'ಹೊಸತೇನು' ಎಂಬ ಒಂದು ಪುಟದ ಚೀಟಿ ಹಂಚಿಕೊಂಡು ಬಂದ. ಬಳಕೆದಾರರ ಅಭಿಪ್ರಾಯವನ್ನು ಗೌರವಿಸಿ ಫೈಲ್ ಎಂಬ ಪದವನ್ನು ಮರಳಿ ತರಲಾಗಿದೆ ಎಂದು ಅದರಲ್ಲಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕೆಟ್ಟದ್ದು ಯಾರು ಎಂಬುದನ್ನು ಚೀಟಿಯಲ್ಲಿ ಬರೆದಿರಲಿಲ್ಲ. ತಪ್ಪಾಯಿತು ಎಂಬ ಪದಕ್ಕಾಗಿ ಭೀಮಾಬಾಯಿ ಚೀಟಿಯ ಹಿಂಬದಿಯನ್ನೂ ತಿರುಗಿಸಿ ನೋಡಿದಳು. ಖಾಲಿ.

“ಈ ಸಲ ಪರೀಕ್ಷೆ ಇಲ್ವಾ?” ಎಂದು ಕೇಳಿದಳು.

“ಬ್ಯಾಡಂತ್ರಿ. ಇದು ನೋಡಿದ ಕೂಡ್ಲೇ ತಿಳೀತದ” ಎಂದ ರವಿಶಂಕರ. ಹೇಳಿದ ಮೇಲೆ ಆಕೆಯ ಮುಖ ನೋಡಿ, ಉಳಿದ ಚೀಟಿಗಳನ್ನು ಎತ್ತಿಕೊಂಡು ಬೇಗ ಮುಂದೆ ಹೋದ.

ಊಟದ ಹೊತ್ತಿಗೆ ಆಕೆ ಟಿ. ನಗರದ ಮನೆಗೆ ಫೋನು ಮಾಡಿದಳು. ಜಯಲಕ್ಷ್ಮಿಯ ತಾಯಿ ತೀರಿಕೊಂಡು ವರ್ಷವಾಗಿತ್ತು. ಅವಳೀಗ ಪಾಂಡಿ ಬಜಾರಿನ ಒಂದು ಸೀರೆ ಅಂಗಡಿಯಲ್ಲಿ ಮಡಿಕೆ ಹಾಕುವ ಕೆಲಸಕ್ಕೆ ಹೋಗುತ್ತಿದ್ದಳು, ಸೋಮವಾರ ಮಧ್ಯಾಹ್ನ ರಜೆ.

“ಜಯಾ, ಫೈಲ್ ವಾಪಸ್ ಬಂತು.”

“ಎಲ್ಲಿ ಇಟ್ಟಿದಾರೆ ಅಕ್ಕ?”

“ಅದೇ ಎಡಮೂಲೆಯಲ್ಲಿ. ಫೈಲ್ ಅಂತ ಬರೆದೇ ಇಟ್ಟಿದಾರೆ.”

“ಹಂಗೆ ಬರೆದಿದ್ದಿದ್ರೆ ನನಗೂ ಗೊತ್ತಾಗ್ತಿತ್ತು” ಎಂದಳು ಜಯಲಕ್ಷ್ಮೀ.